ಬಳ್ಳಾರಿಯ ಧೂಳು, ಅಪ್ಪನ ರೆಕಾರ್ಡು, ಮೂರು ಬಗೆಯ ತೊಳೆತ

ಅಪ್ಪನ ಟ್ರಂಕಿನಲ್ಲಿ ಅರವತ್ತಕ್ಕೂ ಹೆಚ್ಚು ಎಲ್‌ಪಿ ರೆಕಾರ್ಡುಗಳಿದ್ದವು, ಜೊತೆಗೆ ಒಂದಷ್ಟು 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ಪ್ಲೇಟುಗಳು. ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಕಿಟಕಿ ಎಷ್ಟು ಮುಚ್ಚಿದರೂ ಕೆಂಪು ಧೂಳು ಒಳಗೆ ಬಂದೇ ಬರುತ್ತದೆ. ಮುಳ್ಳು ಇಟ್ಟರೆ ಹಾಡಿಗಿಂತ ಮೊದಲು ಚಟಪಟ ಸದ್ದು. ಮೂರು ರೀತಿಯಲ್ಲಿ ತೊಳೆದು ನೋಡಿದೆ.

ಮೊದಲು ನಲ್ಲಿಯ ಕೆಳಗೆ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ. ನಮ್ಮ ಬೋರಿನದು ಸವಳು ನೀರು, ಬಕೆಟ್ಟಿಗೇ ಬಿಳಿ ಪೊರೆ ಕಟ್ಟುತ್ತದೆ. ಒಣಗಿದ ರೆಕಾರ್ಡನ್ನು ಬೆಳಕಿಗೆ ಹಿಡಿದರೆ ಅದೇ ಬಿಳಿ ಚುಕ್ಕಿಗಳು. ಒಂದರ ಲೇಬಲ್ ನೆನೆದು ಉಬ್ಬಿತು. ಆ ಸಂಕಟ ಇನ್ನೂ ಇದೆ.

ಆಮೇಲೆ ಬ್ರಷ್ ಇರುವ ತೊಟ್ಟಿ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತುಂಬಿ, ರೆಕಾರ್ಡನ್ನು ನಿಲ್ಲಿಸಿ ಕೈಯಲ್ಲೇ ತಿರುಗಿಸುವುದು. ಎರಡೂ ಬದಿ ಒಂದೇ ಸಲಕ್ಕೆ ಆಗುತ್ತದೆ. ಹತ್ತು ರೆಕಾರ್ಡು ಆಗುವಷ್ಟರಲ್ಲಿ ನೀರು ಕೆಂಪಗಾಯಿತು. ಹನ್ನೊಂದನೆಯದನ್ನು ಆ ಹತ್ತರ ಕೊಳೆಯಲ್ಲೇ ಅದ್ದಿದ ಹಾಗಾಯ್ತು ಅಲ್ವಾ? ಬಟ್ಟೆಯಲ್ಲಿ ಒರೆಸಿದರೆ ಮೇಲಿನ ನೀರು ಹೋಗುತ್ತದೆ. ಮುಳ್ಳು ಓಡುವ ಗೆರೆಯೊಳಗಿನ ನೀರು ಆರುತ್ತದೆ, ಅದರ ಕೊಳೆ ಅಲ್ಲೇ ಕೂರುತ್ತದೆ.

ಈ ಮೂರರಲ್ಲಿ ನೀರನ್ನು ಕೊಳೆಯ ಸಮೇತ ಎಳೆದುಕೊಳ್ಳುವುದು ಮೂರನೆಯದಾದ ವ್ಯಾಕ್ಯೂಮ್ ಮಷೀನ್ ಮಾತ್ರ. ಬೆಲೆ ಹತ್ತಾರು ಸಾವಿರ, ಸದ್ದು ಮಿಕ್ಸಿಯಂತೆ. ಆದರೂ ನನ್ನ ಮೊದಲ ವಾರ ಹಾಳಾಯಿತು, ತಪ್ಪು ನನ್ನದೇ. ಚೆನ್ನಾಗಿ ಒಣಗಲಿ ಅಂತ ಐದಾರು ಸುತ್ತು ಹೀರಿಸುತ್ತಿದ್ದೆ. ಏಪ್ರಿಲ್‌ನ ಒಣ ಹವೆ ಬೇರೆ. ರೆಕಾರ್ಡು ಎತ್ತಿದರೆ ಕೈಮೇಲಿನ ಕೂದಲು ನಿಲ್ಲುತ್ತಿತ್ತು, ಸುತ್ತಲಿನ ಧೂಳೆಲ್ಲಾ ಹಾರಿ ಬಂದು ಅಂಟುತ್ತಿತ್ತು. ಈಗ ಎರಡೇ ಸುತ್ತು, ಅಷ್ಟೇ.

ಇನ್ನೊಂದು ತಪ್ಪು ತಿಳಿದದ್ದು ಹೀರುವ ಕೊಳವೆಯನ್ನು ಕಣ್ಣ ಹತ್ತಿರ ಹಿಡಿದಾಗ. ಅದರ ಬಾಯಿಗೆ ಅಂಟಿಸಿದ ಮಖಮಲ್ ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ. ಬೆರಳಿಗೆ ಮರಳಿನ ಹಾಗೆ ತಾಗಿತು. ಅದನ್ನೇ ಮುಂದಿನ ರೆಕಾರ್ಡಿನ ಮೇಲೆ ಎಳೆಯುತ್ತಿದ್ದೆ! ಈಗ ಪ್ರತಿ ಬದಿ ಆದ ಮೇಲೂ ಮೆತ್ತನೆ ಟೂತ್‌ಬ್ರಷ್‌ನಿಂದ ಪಟ್ಟಿ ಉಜ್ಜುತ್ತೇನೆ. ತೊಳೆದ ಬದಿ ಕೆಳಗೆ ಬರುವಾಗ ಮಷೀನಿನ ಮ್ಯಾಟ್ ಮೇಲೆ ಬೇರೆ ಶುಭ್ರ ಬಟ್ಟೆ.

ಮಷೀನಿನಲ್ಲಿ ರೆಕಾರ್ಡು ತೊಳೆಯುವ ಲಿಕ್ವಿಡ್ ಹಾಕಿದ ಕೂಡಲೇ ಹೀರಿಸಬೇಡಿ. ಗೆರೆಯ ಜೊತೆಜೊತೆಗೆ ಬ್ರಷ್ ಓಡಿಸಿ, ಒಂದೆರಡು ನಿಮಿಷ ನೆನೆಯಲು ಬಿಡಿ. ಅದು ಒಣಗುವ ಮುಂಚೆ ಹೀರಿಸಿ. ನಂತರ ಬೇರೆ ಬ್ರಷ್ ತಗೊಂಡು ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ. ಈ ಎರಡನೇ ತೊಳೆತ ಬಿಟ್ಟರೆ ಸೋಪು ಗೆರೆಯಲ್ಲೇ ಉಳಿದು ಮುಳ್ಳಿಗೆ ಮೆತ್ತುತ್ತದೆ. ಹೀಗೆ ತೊಳೆದ ಭೀಮಸೇನ ಜೋಶಿಯವರ ಎಲ್‌ಪಿಯಲ್ಲಿ, ದನಿ ಏಳುವ ಮುಂಚಿನ ತಂಬೂರಿ ಒಂದೇ ಒಂದು ಚಟಪಟ ಇಲ್ಲದೆ ಕೇಳಿಸಿತು. ಅಪ್ಪ ಪೇಪರ್ ಕೆಳಗಿಟ್ಟು ಕೂತರು.

78ರ ಪ್ಲೇಟುಗಳ ವಿಷಯ ಬೇರೆ. ಅವು ಅರಗಿನವು, ಆಲ್ಕೊಹಾಲ್ ತಾಗಿದರೆ ಕರಗುತ್ತವೆ. ಎಲ್‌ಪಿಗೆ ಮಾರುವ ಎಷ್ಟೋ ಲಿಕ್ವಿಡ್‌ಗಳಲ್ಲಿ ಆಲ್ಕೊಹಾಲ್ ಇರುತ್ತದೆ, ಬಾಟಲಿ ಓದದೆ ಹಾಕಬೇಡಿ.

ನಿಮ್ಮ ಹತ್ತಿರ ಇಪ್ಪತ್ತು ಮೂವತ್ತು ರೆಕಾರ್ಡು ಇದ್ದರೆ ತೊಟ್ಟಿಯೇ ಸಾಕು, ಐದಾರಕ್ಕೊಮ್ಮೆ ನೀರು ಬದಲಿಸಿ. ನನ್ನಷ್ಟು ಇದ್ದರೆ ಮಷೀನ್ ತಗೊಳ್ಳಿ. ಹಳೇ ಕವರ್ ಮಾತ್ರ ಬೇಡ. ತೊಳೆದದ್ದನ್ನು ಧೂಳು ತುಂಬಿದ ಒಳಕವರಿಗೇ ತುರುಕಿದರೆ ಪಟ್ಟ ಶ್ರಮವೆಲ್ಲಾ ನೀರುಪಾಲು.