ಸ್ಟ್ಯಾಕ್, ಐಎಸ್‌ಎಸ್‌ಯು, ಜೋಡಿ ಸ್ವಿಚ್: ಫರ್ಮ್‌ವೇರ್ ಹಾಕೋಕೆ ಯಾವುದು ಒಳ್ಳೆಯದು?

ನೆಟ್‌ವರ್ಕ್‌ನ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ ಸ್ವಿಚ್, ಅದನ್ನು ನಡೆಸುವ ಒಳಗಿನ ಸಾಫ್ಟ್‌ವೇರ್ ಫರ್ಮ್‌ವೇರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೋಡಿ ಸ್ವಿಚ್‌ಗೆ. ಸ್ಟ್ಯಾಕ್ ಮಾಡದೆ, ಅಂದರೆ ಸೇರಿಸಿ ಒಂದೇ ಸ್ವಿಚ್‌ನಂತೆ ನಡೆಸದೆ, ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳೋದು.

ಕಲಬುರಗಿಯ ಒಂದು ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಭಾನುವಾರ ರಾತ್ರಿ ಎಲ್ಲ ಬಂದ್ ಮಾಡಿ ಕೆಲಸ ಮುಗಿಸೋಣ ಅನ್ನುವಂತಿಲ್ಲ. ರಾತ್ರಿ 2 ಗಂಟೆಗೂ ಲ್ಯಾಬ್ ರಿಪೋರ್ಟ್ ವಾರ್ಡ್‌ಗೆ ಹೋಗಬೇಕು, ಔಷಧಿ ಬಿಲ್ ಆಗಬೇಕು.

ನಮ್ಮಲ್ಲಿ ಮೊದಲು ಇದ್ದದ್ದು ಸ್ಟ್ಯಾಕ್. ದಿನದ ಕೆಲಸಕ್ಕೆ ಅದರಷ್ಟು ಸುಲಭ ಬೇರೆ ಇಲ್ಲ, ಎರಡು ಸ್ವಿಚ್‌ಗೂ ಸೇರಿ ಒಂದೇ ಲಾಗಿನ್. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ ಅಂತ ಧೈರ್ಯವಾಗಿ ಕೊಂಡಿದ್ದೆವು. ಕೆಟ್ಟಾಗ ಅದು ನಿಜವೇ. ಆದರೆ ಫರ್ಮ್‌ವೇರ್ ಹಾಕಿ ರೀಲೋಡ್ (ರೀಸ್ಟಾರ್ಟ್) ಕೊಟ್ಟರೆ ಎರಡೂ ಒಟ್ಟಿಗೆ ಮಲಗಿದವು. ಸರ್ವರ್‌ನಿಂದ ಎರಡಕ್ಕೂ ಒಂದೊಂದು ಕೇಬಲ್ ಎಳೆದಿದ್ದೆ, ಏನೂ ಉಪಯೋಗ ಆಗಲಿಲ್ಲ. 9 ನಿಮಿಷ ಇಡೀ ಆಸ್ಪತ್ರೆ ಚೀಟಿ, ಪೆನ್ನು ಹಿಡಿದು ನಡೆಯಿತು. ಲ್ಯಾಬ್‌ನಿಂದ ಐಸಿಯುಗೆ ಒಬ್ಬ ಸಿಸ್ಟರ್ ಚೀಟಿ ಹಿಡಿದು ಮೂರು ಸಲ ಮೆಟ್ಟಿಲು ಹತ್ತಿದರು. ಆ ಸ್ಟ್ಯಾಕನ್ನು ಬಿಚ್ಚಬೇಕು ಅಂತ ಅವತ್ತೇ ಅನಿಸಿತ್ತು.

ಎರಡನೆಯದು ಐಎಸ್‌ಎಸ್‌ಯು, ಅಂದರೆ ಸ್ವಿಚ್ ನಿಲ್ಲಿಸದೆಯೇ ಫರ್ಮ್‌ವೇರ್ ಬದಲಿಸೋದು. ಕಾರ್ಡ್‌ಗಳನ್ನು ಕೂರಿಸುವ ದೊಡ್ಡ ಚಾಸಿ ಸ್ವಿಚ್, ಅದನ್ನು ನಡೆಸೋಕೆ ಒಳಗೆ ಎರಡು ಸೂಪರ್‌ವೈಸರ್ ಕಾರ್ಡ್. ಸುಮ್ಮನೆ ಕಾಯುತ್ತಿರುವ ಕಾರ್ಡ್ ಮೊದಲು ಹೊಸ ಫರ್ಮ್‌ವೇರ್‌ಗೆ ಹೋಗುತ್ತದೆ, ಆಮೇಲೆ ಕೆಲಸ ಅದರ ಕೈಗೆ ಬರುತ್ತದೆ. ಬೀದರ್‌ನಲ್ಲಿ ಒಂದು ಕಡೆ ಮಾಡಿ ನೋಡಿದ್ದೇನೆ, ಚೆನ್ನಾಗಿಯೇ ಆಯಿತು. ಆದರೆ ಯಾವ ವರ್ಶನ್‌ನಿಂದ ಯಾವ ವರ್ಶನ್‌ಗೆ ಬೇಕಾದರೂ ಜಿಗಿಯೋಕೆ ಬರಲ್ಲ, ರಿಲೀಸ್ ನೋಟ್ಸ್ ನೋಡಿಯೇ ಹೋಗಬೇಕು. ನಾನು ವರ್ಷಕ್ಕೆ ಒಮ್ಮೆ ಮಾತ್ರ ಫರ್ಮ್‌ವೇರ್ ಮುಟ್ಟುವವನು, ಅದೂ ಬೇಸಿಗೆ ಕಳೆದ ಮೇಲೆ, ಹಾಗಾಗಿ ನನ್ನದು ದೊಡ್ಡ ಜಿಗಿತವೇ ಆಗುತ್ತದೆ. ಇನ್ನು ಬೆಲೆ ನಮ್ಮ ಬಜೆಟ್‌ಗೆ ಎಟುಕುವಂಥದ್ದಲ್ಲ.

ಈಗ ಜೋಡಿ. ಸ್ಟ್ಯಾಕ್ ಬಿಚ್ಚಿ ಎ, ಬಿ ಅಂತ ಎರಡು ಕೋರ್ (ನೆಟ್‌ವರ್ಕ್‌ನ ನಡುವಿನ) ಸ್ವಿಚ್ ಮಾಡಿದೆ. ಸರ್ವರ್‌ಗಳ ಒಂದು ಕೇಬಲ್ ಎಗೆ, ಒಂದು ಬಿಗೆ. ಪ್ರತಿ ಮಹಡಿಯ ಸ್ವಿಚ್‌ನಿಂದಲೂ ಹಾಗೆಯೇ. ಗೇಟ್‌ವೇಗೆ, ಅಂದರೆ ಬೇರೆ ನೆಟ್‌ವರ್ಕ್‌ಗೆ ಹೋಗುವ ಬಾಗಿಲಿಗೆ, ವಿಆರ್‌ಆರ್‌ಪಿ; ಒಂದು ಸ್ವಿಚ್ ಬಿದ್ದರೆ ಆ ಕೆಲಸ ಇನ್ನೊಂದು ವಹಿಸಿಕೊಳ್ಳುತ್ತದೆ. ಟ್ರಾಫಿಕ್ ಸುತ್ತಿದಲ್ಲೇ ಸುತ್ತದಂತೆ ಹೆಚ್ಚಿನ ಲಿಂಕ್ ಮುಚ್ಚಿಡುವ ಎಸ್‌ಟಿಪಿಯಲ್ಲಿ ರೂಟ್ (ಆ ಲೆಕ್ಕದ ಕೇಂದ್ರ) ಬಿ ಆಗಿತ್ತು, ಹಾಗಾಗಿ ಮೊದಲು ಎ ರೀಲೋಡ್ ಮಾಡಿದೆ. ಸರ್ವರ್ ಉತ್ತರ ಕೊಡುತ್ತಿದೆಯಾ ಅಂತ ಪದೇ ಪದೇ ಕೇಳುವ ಪಿಂಗ್ ಓಡಿಸಿಕೊಂಡೇ ಕೂತಿದ್ದೆ. ಎ ಬಿದ್ದಾಗ ಒಂದೇ ಪಿಂಗ್ ತಪ್ಪಿತು. ಖುಷಿಯಾಗಿ ಟೀ ತರಿಸಿದೆ.

ತೊಂದರೆ ಶುರುವಾದದ್ದು ಎ ಎದ್ದಾಗ. ಪೋರ್ಟ್‌ಗಳಲ್ಲಿ ಹಸಿರು ದೀಪ ಬಂತು, ಅದೇ ಹೊತ್ತಿಗೆ ಪಿಂಗ್ ನಿಂತಿತು. ಫೋನ್ ಹೊಡೆದುಕೊಂಡಿತು, ಔಷಧಿ ಕೌಂಟರ್‌ನವರು. "ಸರ್, ಬಿಲ್ ಬರವಲ್ದ್ರಿ." ಸುಮಾರು ಅರ್ಧ ನಿಮಿಷದ ಮೇಲೆ ಪಿಂಗ್ ತಾನೇ ಶುರುವಾಯಿತು. ಆದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಅಷ್ಟು ಕಾಯುವುದಿಲ್ಲ, ಎಲ್ಲ ಕೌಂಟರ್‌ನಲ್ಲೂ ಸೆಷನ್ ಬಿದ್ದು ಮತ್ತೆ ಲಾಗಿನ್ ಆಗಬೇಕಾಯಿತು. ಸ್ವಿಚ್ ಬಿದ್ದಾಗ ಆಗದ ತೊಂದರೆ ಎದ್ದಾಗ ಆಯಿತು ಅಂದರೆ ತಲೆ ಕೆಡುತ್ತದೆ, ಅಲ್ವಾ?

ಮರುದಿನ ಲಾಗ್ ಮುಂದಿಟ್ಟುಕೊಂಡು ಕೂತ ಮೇಲೆ ಗೊತ್ತಾಯಿತು. ಸರ್ವರ್‌ನ ಬಾಂಡಿಂಗ್‌ನಲ್ಲಿ (ಎರಡು ಕೇಬಲ್ ಸೇರಿಸಿ ಒಂದರಂತೆ ಬಳಸುವ ವ್ಯವಸ್ಥೆ) ಪ್ರೈಮರಿ ಕೇಬಲ್ ಎ ಕಡೆಯದು. ಎ ದೀಪ ಹತ್ತಿದ ಕೂಡಲೇ ಸರ್ವರ್ ಮತ್ತೆ ಎ ಕಡೆ ಜಿಗಿದಿದೆ. ಸರ್ವರ್ ಪೋರ್ಟ್‌ಗೆ ಪೋರ್ಟ್‌ಫಾಸ್ಟ್ (ಎಸ್‌ಟಿಪಿಗೆ ಕಾಯದೆ ತೆರೆ ಅನ್ನುವ ಸೆಟ್ಟಿಂಗ್) ಇದ್ದದ್ದರಿಂದ ಅದು ತಕ್ಷಣ ತೆರೆದಿದೆ. ಆದರೆ ಎಯಿಂದ ಬಿಗೆ ಹೋಗುವ ಲಿಂಕ್ ಇನ್ನೂ ಹಳೇ ಎಸ್‌ಟಿಪಿ ಪ್ರಕಾರ 15 ಸೆಕೆಂಡ್ ಲಿಸನಿಂಗ್, 15 ಸೆಕೆಂಡ್ ಲರ್ನಿಂಗ್ ಮಾಡುತ್ತಿತ್ತು, ಅಷ್ಟೂ ಹೊತ್ತು ಟ್ರಾಫಿಕ್ ಬಿಡಲ್ಲ. ಸರ್ವರ್ ಕಳಿಸಿದ್ದೆಲ್ಲ ಎವರೆಗೆ ಬಂದು ಅಲ್ಲೇ ಬಿದ್ದುಹೋಗಿದೆ.

ಮದ್ದು ಎರಡು. ಲಿನಕ್ಸ್ ಬಾಂಡಿಂಗ್‌ನಲ್ಲಿ ಅಪ್‌ಡಿಲೇ ಅಂತ ಒಂದು ಸೆಟ್ಟಿಂಗ್ ಇದೆ, ಸುಮ್ನೆ ಬಿಟ್ಟರೆ 0. ಅದನ್ನು 60000 ಮಾಡಿದೆ. ಇದು ಮಿಲಿಸೆಕೆಂಡ್ ಲೆಕ್ಕ, ಅಂದರೆ ದೀಪ ಹತ್ತಿದರೂ ಸರ್ವರ್ 60 ಸೆಕೆಂಡ್ ಕಾದು ಆಮೇಲೆ ಹೋಗುತ್ತದೆ. ಇನ್ನೊಂದು, ಎಲ್ಲ ಸ್ವಿಚ್‌ನಲ್ಲೂ ಆರ್‌ಎಸ್‌ಟಿಪಿ, ಅಂದರೆ ಲಿಂಕ್ ಬೇಗ ತೆರೆಯುವ ಹೊಸ ಎಸ್‌ಟಿಪಿ, ಹಾಕಿದೆ.

ಬಿ ಸರದಿಯನ್ನು ಒಂದು ವಾರ ಮುಂದಕ್ಕೆ ಹಾಕಿದ್ದೆ. ಅವತ್ತು ಮೊದಲು ಪ್ರಯಾರಿಟಿ ಬದಲಿಸಿ ರೂಟನ್ನು ಎ ಕಡೆ ತಂದೆ, ಆಮೇಲೆ ರೀಲೋಡ್ ಕೊಟ್ಟೆ. ಹೋಗುವಾಗ ಮೂರು ಪಿಂಗ್ ತಪ್ಪಿದವು, ಬರುವಾಗ ಒಂದೂ ಇಲ್ಲ. ಕೌಂಟರ್‌ನವರಿಗೆ ಗೊತ್ತೇ ಆಗಲಿಲ್ಲ.

ನಮ್ಮ ಮಹಡಿಗಳ ಸ್ವಿಚ್‌ಗೆ ಈ ಮೂರರಲ್ಲಿ ಯಾವುದೂ ನೆರವಾಗಲ್ಲ. ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಬರುವ ಕರೆಂಟ್, ಹೋದರೆ ಕ್ಯಾಮೆರಾ, ಫೋನ್, ವೈಫೈ ಎಲ್ಲ ಹೋಗುತ್ತವೆ. ವಾರ್ಡ್‌ಗೆ ಮೊದಲೇ ಹೇಳಿ ಒಂದೊಂದೇ ಮಹಡಿ ಮಾಡಬೇಕು.

ಜೋಡಿಯಲ್ಲಿ ಕಾನ್ಫಿಗ್ ಎರಡು ಸಲ ಬರೆಯಬೇಕು, ವಿಎಲ್ಯಾನ್ (ಸ್ವಿಚ್‌ನೊಳಗೆ ಬೇರೆ ಮಾಡಿಟ್ಟ ನೆಟ್‌ವರ್ಕ್) ಒಂದರಲ್ಲಿ ಸೇರಿಸಿ ಇನ್ನೊಂದರಲ್ಲಿ ಮರೆಯುವುದೂ ಉಂಟು. ನನಗೆ ಅದು ಪರವಾಗಿಲ್ಲ, ಯಾಕಂದರೆ ಜೋಡಿಯಲ್ಲಿ ಒಂದು ಧೈರ್ಯ ಇದೆ. ನಮ್ಮೂರಿನ ಮೇ ತಿಂಗಳ ಬಿಸಿಲಲ್ಲಿ ಎಸಿ ಕೈಕೊಟ್ಟ ರ್‍ಯಾಕ್‌ನಲ್ಲಿ ಬೆಂದ ಸ್ವಿಚ್ ರೀಲೋಡ್ ಆದ ಮೇಲೆ ಏಳದೇ ಹೋಗಬಹುದು. ಬದಲಿ ಸ್ವಿಚ್ ಹೈದರಾಬಾದ್‌ನಿಂದ ಬರಬೇಕು, ಬೇಗ ಅಂದರೂ ಮರುದಿನ. ಅಲ್ಲಿಯವರೆಗೆ ಇನ್ನೊಂದು ಸ್ವಿಚ್ ಹಳೇ ಫರ್ಮ್‌ವೇರ್‌ನಲ್ಲೇ ಆಸ್ಪತ್ರೆ ನಡೆಸುತ್ತಿರುತ್ತದೆ. ನಾನು ಈಗ ಎ ಆದ ಮೇಲೆ ಒಂದು ವಾರ ಬಿಟ್ಟೇ ಬಿ ಮುಟ್ಟುತ್ತೇನೆ.