ಹಳೆಯ ವೈಸ್‌ನ ತುಕ್ಕು ತೆಗೆಯಲು ತಂತಿ ಬ್ರಷ್, ಸಿಟ್ರಿಕ್ ಆಸಿಡ್, ವಿದ್ಯುತ್: ಒಂದು ಹೋಲಿಕೆ

ಹಳೆಯ ಬೆಂಚ್ ವೈಸ್ (ಕೆಲಸದ ಮೇಜಿಗೆ ಕೂರಿಸಿ ವಸ್ತುಗಳನ್ನು ಬಿಗಿಯಾಗಿ ಹಿಡಿಸುವ ಇಕ್ಕಳದಂಥ ಸಾಧನ) ಬರೀ ಕೆಲಸಕ್ಕೆ ಬೇಕಿದ್ದರೆ ಸ್ಕ್ರೂ ಸರಾಗವಾಗಿ ತಿರುಗಿ ದವಡೆಗಳು ಬಿಗಿಯಾಗಿ ಹಿಡಿದರೆ ಸಾಕು. ಅದನ್ನು ಪ್ರದರ್ಶನಕ್ಕೆ ಇಡುವುದಾದರೆ ಎರಕದ ಮೇಲಿನ ಉಬ್ಬಕ್ಷರಗಳ ಅಂಚು, ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೊಟ್ಟು ನುಣುಪು ಮಾಡಿದ ಮೈ ಇವೆರಡೂ ಮಾಸದೆ ಉಳಿಯಬೇಕು. ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಬೆಂಗಳೂರಿನ ಗುಜರಿಯಲ್ಲಿ ಸಿಕ್ಕ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾದ 4 ಅಂಗುಲದ, ರೆಕಾರ್ಡ್ ಬ್ರ್ಯಾಂಡಿನ ನಂ. 3 ವೈಸ್ ಅನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗದ ತುಕ್ಕನ್ನು ಒಂದೊಂದು ವಿಧಾನದಲ್ಲಿ ತೆಗೆದು ನೋಡಿದೆ.

ಆಂಗಲ್ ಗ್ರೈಂಡರ್‌ಗೆ ಕೂರಿಸಿದ ತಂತಿ ಬ್ರಷ್‌ನಷ್ಟು ವೇಗ ಬೇರೆ ಯಾವುದಕ್ಕೂ ಇಲ್ಲ. ಆದರೆ ಅದು ತುಕ್ಕು ಕೊರೆದ ಗುಳಿಗಳ ತಳಕ್ಕೆ ಇಳಿಯದೆ ಮೇಲೆ ಮಾತ್ರ ಹೊಳಪು ತರುತ್ತದೆ, ಮೂಲೆಗಳನ್ನು ದುಂಡಾಗಿಸುತ್ತದೆ. ಕಣ್ಣಿಗೆ ಬೀಳದ ತಳಭಾಗಕ್ಕೆ ಇದು ಸಾಕು.

ಚಲಿಸುವ ದವಡೆಯನ್ನು ಸಿಟ್ರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ನೆನೆಹಾಕಿದೆ. ದ್ರವವಾದ್ದರಿಂದ ಸಂದುಗೊಂದುಗಳಿಗೂ ಅದು ನುಗ್ಗುತ್ತದೆ, ಖರ್ಚೂ ಕಡಿಮೆ. ಆದರೆ ತುಕ್ಕು ಮುಗಿದ ಮೇಲೂ ಆಮ್ಲ ಸುಮ್ಮನಿರದೆ ಕಬ್ಬಿಣವನ್ನೇ ತಿನ್ನತೊಡಗುತ್ತದೆ. ಬೀಡು ಕಬ್ಬಿಣದ ಮೇಲೆ ಕೈಗೆ ಅಂಟುವ ಕಪ್ಪು ಮಸಿ ಏಳುತ್ತದೆ, ನುಣುಪಾದ ಮೈ ಬೂದು ಬಣ್ಣಕ್ಕೆ ತಿರುಗುತ್ತದೆ. ಹೊರತೆಗೆದ ಕೂಡಲೇ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ನೋಡನೋಡುತ್ತಲೇ ಹೊಸ ತುಕ್ಕು ಹಿಡಿಯುತ್ತದೆ.

ನನ್ನ ಆಯ್ಕೆ ವಿದ್ಯುದ್ವಿಭಜನೆ, ಅಂದರೆ ನೀರಿನಲ್ಲಿ ವಿದ್ಯುತ್ ಹರಿಸಿ ತುಕ್ಕು ಬಿಡಿಸುವುದು. ಪ್ಲಾಸ್ಟಿಕ್ ಟಬ್ಬಿನ ನೀರಿಗೆ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟ್ ಚಾರ್ಜರ್‌ನ ಋಣ ತುದಿಗೆ ವೈಸ್‌ನ ಭಾಗವನ್ನೂ ಧನ ತುದಿಗೆ ಗುಜರಿ ಕಬ್ಬಿಣದ ತುಂಡುಗಳನ್ನೂ ಜೋಡಿಸಬೇಕು. ಒಳ್ಳೆಯ ಕಬ್ಬಿಣಕ್ಕೆ ಇದರಿಂದ ಹಾನಿಯಿಲ್ಲ, ಹಳೆಯ ಬಣ್ಣವೂ ಸಡಿಲವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕಪ್ಪು ಕೆಸರನ್ನು ತಿಕ್ಕಿ ತೆಗೆದಾಗ, ರೆಕಾರ್ಡ್ ಎಂಬ ಅಕ್ಷರಗಳ ಒಳಮೂಲೆಗಳಲ್ಲಿ ಎರಕದ ಮರಳು ಬಿಟ್ಟುಹೋದ ತರಿತರಿ ಗುರುತು ಕೂಡ ಸ್ಪಷ್ಟವಾಗಿ ಕಾಣಿಸಿತು. ಉಳಿದೆರಡು ವಿಧಾನಗಳು ಇದನ್ನು ಕೊಡಲಿಲ್ಲ. ಧನ ತುದಿಯ ತುಂಡಿಗೆ ಎದುರಾಗಿರುವ ಕಡೆ ಮಾತ್ರ ತುಕ್ಕು ಚೆನ್ನಾಗಿ ಬಿಡುವುದರಿಂದ ಸುತ್ತಲೂ ತುಂಡುಗಳನ್ನು ನಿಲ್ಲಿಸಬೇಕು. ಜಲಜನಕ ಹೊರಬರುವುದರಿಂದ ಬಯಲಿನಲ್ಲೇ ಮಾಡಬೇಕು, ಮತ್ತು ಸ್ಟೇನ್‌ಲೆಸ್ ಸ್ಟೀಲ್ ತುಂಡನ್ನು ಧನ ತುದಿಗೆ ಎಂದಿಗೂ ಕಟ್ಟಬಾರದು. ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ.

ತುಕ್ಕು ತೆಗೆದ ಮೇಲೆ ಹೊಡೆಯುವ ಬಣ್ಣದ ವಿಚಾರದಲ್ಲಿ, ಪುಡಿ ಬಣ್ಣವನ್ನು ಸಿಂಪಡಿಸಿ ಬಿಸಿಯಲ್ಲಿ ಕರಗಿಸಿ ಅಂಟಿಸುವ ಪೌಡರ್ ಕೋಟಿಂಗ್ ಗಟ್ಟಿಯೆಂಬುದು ನಿಜ. ಆದರೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೀಡಿನ ರಂಧ್ರಗಳೊಳಗಿನ ಗಾಳಿ, ಎಣ್ಣೆ ಹೊರಬಂದು ಮೇಲೆ ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ನಾನು ಬೇರೊಂದು ವೈಸ್‌ಗೆ ಮಾಡಿಸಿದ ಲೇಪನದಲ್ಲಿ ಹೀಗೇ ಆಗಿ, ಅಕ್ಷರಗಳೂ ದಪ್ಪ ಪದರದಡಿ ಮಂಕಾದವು. ಆದ್ದರಿಂದ ಈ ವೈಸ್‌ಗೆ ಪ್ರೈಮರ್ ಮೇಲೆ ರೆಕಾರ್ಡ್‌ನ ನೀಲಿಗೆ ಹೊಂದುವ ಎನಾಮೆಲ್ ಅನ್ನು ತೆಳುವಾಗಿ ಎರಡು ಕೈ ಹೊಡೆದು, ಜಾರುವ ಮೈಗೂ ಸ್ಕ್ರೂವಿಗೂ ಬಣ್ಣ ತಾಗಿಸದೆ ಎಣ್ಣೆಯನ್ನಷ್ಟೇ ಸವರಿದ್ದೇನೆ.