ದಾರ ಕಟ್ಟಿದ ಪೆನ್ನು, ವಾಟ್ಸಾಪ್ ಗುಂಪು, ಹುಡುಗರ ವೆಬ್‌ಸೈಟು

ಹಲಗೆ ನಯಮಾಡುವ ಪ್ಲೇನರ್ ಮೆಷಿನ್ ನನಗೆ ವಾರಕ್ಕೆ ಎರಡು ಸಲ ಬೇಕು. ಸ್ವಂತಕ್ಕೆ ಒಂದು ಕೊಳ್ಳುವಷ್ಟು ಕೆಲಸ ಬರುವುದಿಲ್ಲ. ಇಡೀ ದಿನ ಹತ್ತರಿ ಹೊಡೆಯುವ ತೋಳೂ ಈಗ ಉಳಿದಿಲ್ಲ. ಹಾಗಾಗಿ ಶಿರಸಿಯ ಹಂಚಿಕೆ ವರ್ಕ್‌ಶಾಪೇ ಗತಿ. ಅಲ್ಲಿ ಪ್ಲೇನರ್, ಲೇತ್, ವೆಲ್ಡಿಂಗ್ ಸೆಟ್, ಬೆಂಚ್ ಡ್ರಿಲ್ ಇವೆ. ಮೂಲೆಯಲ್ಲೊಂದು ತ್ರೀಡಿ ಪ್ರಿಂಟರ್ ಕೂಡ. ಇಪ್ಪತ್ತು ಚಿಲ್ಲರೆ ಜನ ಸೇರಿ ಬಳಸುತ್ತೇವೆ. ಮೆಷಿನ್‌ಗಳದ್ದು ಏನೂ ತಕರಾರಿಲ್ಲ, ತಕರಾರೆಲ್ಲ ಸರದಿಯದ್ದು. ಹುಲೇಕಲ್ ಆಚೆಯ ನಮ್ಮೂರಿಂದ ಹಲಸಿನ ಹಲಗೆ ಹೇರಿಕೊಂಡು, ಗೂಡ್ಸ್ ರಿಕ್ಷಾಕ್ಕೆ ಬಾಡಿಗೆ ಕೊಟ್ಟು ಹೋದರೆ ಅಲ್ಲಿ ಇನ್ಯಾರೋ ಬಾಗಿಲ ಚೌಕಟ್ಟು ಹಿಡಿದು ನಿಂತಿರುತ್ತಾರೆ. ಆ ದಿನ ಅಲ್ಲಿಗೆ ಮುಗೀತು.

ಈ ಮಳೆಗಾಲದಲ್ಲಿ ಸರದಿ ಹಿಡಿಯಲು ನಾಲ್ಕು ದಾರಿ ನೋಡಿದೆ. ಗೋಡೆಗೆ ನೇತುಹಾಕಿದ ರಿಜಿಸ್ಟರ್, ವಾಟ್ಸಾಪ್ ಗುಂಪು, ಗೂಗಲ್ ಶೀಟ್, ಮತ್ತೆ ಇಂಜಿನಿಯರಿಂಗ್ ಓದುವ ನಾಲ್ಕು ಜನ ಮಕ್ಕಳು ಪ್ರಾಜೆಕ್ಟಿಗೆಂದು ಕಟ್ಟಿದ ವೆಬ್‌ಸೈಟ್. ಕೊನೆಯದಕ್ಕೆ ನಾನು ಸುಮ್ನೆ ಗಿರಾಕಿ ಅಲ್ಲ. ಅವರು ಪರೀಕ್ಷೆಗೆಂದು ಕೂರಿಸಿದ ಐದು ಜನರಲ್ಲಿ ಒಬ್ಬ.

ವಾಟ್ಸಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಸೋತಿದ್ದು "ನಾಳೆ" ಎಂಬ ಒಂದೇ ಪದಕ್ಕೆ. ಒಬ್ಬರು ರಾತ್ರಿ 12 ದಾಟಿದ ಮೇಲೆ "ನಾಳೆ ಬೆಳಿಗ್ಗೆ ಪ್ಲೇನರ್ ನನಗೆ" ಎಂದು ಹಾಕಿದರು. ಅವರ ಲೆಕ್ಕದಲ್ಲಿ ಮಲಗಿ ಎದ್ದರೆ ನಾಳೆ. ನಾನು ಬೆಳಿಗ್ಗೆ 7ಕ್ಕೆ ಓದಿದೆ, ನನಗೆ ಅದು ಮರುದಿನ. ಇಬ್ಬರೂ 9ಕ್ಕೆ ಬಂದು ಮುಖ ಮುಖ ನೋಡಿಕೊಂಡೆವು. ಯಾರದ್ದು ತಪ್ಪು ಅಂತ ಹೇಳೋದು? ಇದರ ಮೇಲೆ ಗುಡ್ ಮಾರ್ನಿಂಗ್ ಹೂವು, ಯಕ್ಷಗಾನದ ವಿಡಿಯೊ, ಅಡಿಕೆ ರೇಟು. ಮೊನ್ನೆಯ ಬುಕಿಂಗ್ ಹುಡುಕುವಷ್ಟರಲ್ಲಿ ಹೆಬ್ಬೆರಳು ಸವೆಯುತ್ತದೆ.

ಗೂಗಲ್ ಶೀಟ್ ಕಂಪ್ಯೂಟರಿನಲ್ಲಿ ಚೆಂದ. ಫೋನಿನಲ್ಲಿ ಒಂದು ಚೌಕ ಮುಟ್ಟಲು ಹೋದರೆ ಇನ್ನೊಂದು ಅಳಿಯುತ್ತದೆ. ವೆಲ್ಡಿಂಗ್ ಮಾಡುವವರೊಬ್ಬರ ಇಡೀ ಮಂಗಳವಾರ ನನ್ನ ಕೈಯಿಂದ ಹಾಗೇ ಹೋಯಿತು. ಲಾಗಿನ್ ಆಗಿ ಬರೆದಿದ್ದರೆ ಯಾರು ಯಾವಾಗ ಅಳಿಸಿದರು ಎಂದು ಹಳೆಯ ಆವೃತ್ತಿಗಳಲ್ಲಿ ನೋಡಬಹುದು. ಅವರು ನೋಡಿದರು.

ಹಾಗಾಗಿ ನಿಜವಾದ ಜಿದ್ದು ಉಳಿದದ್ದು ರಿಜಿಸ್ಟರಿಗೂ ವೆಬ್‌ಸೈಟಿಗೂ.

ಪರೀಕ್ಷೆ ನಾನು ಅಂದುಕೊಂಡಂತಿರಲಿಲ್ಲ. ವರ್ಕ್‌ಶಾಪಿನ ಮೇಜು, ನನ್ನದೇ ಫೋನು, ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ಹುಡುಗಿ. "ಪರೀಕ್ಷೆ ನಿಮಗಲ್ಲ, ಸೈಟಿಗೆ. ನಾನು ಏನೂ ಹೇಳಿಕೊಡಲ್ಲ. ಮನಸ್ಸಿಗೆ ಬಂದದ್ದನ್ನ ಜೋರಾಗಿ ಹೇಳ್ತಾ ಹೋಗಿ" ಎಂದಳು. ಕೆಲಸ ಇಷ್ಟೇ: ಗುರುವಾರ ಬೆಳಿಗ್ಗೆ 9ರಿಂದ 10ರವರೆಗೆ ಪ್ಲೇನರ್ ಹಿಡಿಯಬೇಕು. ಮೊದಲ ಪುಟದಲ್ಲೇ ಎಡವಿದೆ. "ಸಂಪನ್ಮೂಲವನ್ನು ಕಾಯ್ದಿರಿಸಿ" ಎಂದು ನೀಲಿ ಬಣ್ಣದ ಬಟನ್ನು. "ಎಂತದು ಈ ಸಂಪನ್ಮೂಲ? ನಂಗೆ ಪ್ಲೇನರ್ ಬೇಕು ಮಾರಾಯ್ತಿ" ಅಂದೆ. ಅವಳು ನಗಲಿಲ್ಲ, ಬರೆದುಕೊಂಡಳು. ನಾಲ್ಕು ದಿನ ಬಿಟ್ಟು ನೋಡಿದರೆ ಬಟನ್ನು "ಮೆಷಿನ್ ಬುಕ್ ಮಾಡಿ" ಎಂದಾಗಿತ್ತು.

ಅಂತೂ ಬುಕ್ ಆಯಿತು, ಖಾತ್ರಿಯ ಇಮೇಲ್ ಬಂತು. ಅದರಲ್ಲಿ ಸಮಯ 3:30! ಬೆಳಗಿನ ಜಾವ ಮೂರೂವರೆಗೆ ಹಲಗೆ ಹೊತ್ತು ಶಿರಸಿಗೆ ಬರಬೇಕಾ ಎಂದು ಕೇಳಿದೆ. ಆಗ ಮಾತ್ರ ಅವಳಿಗೆ ಸುಮ್ಮನಿರಲು ಆಗಲಿಲ್ಲ. ಸರ್ವರಿನ ಗಡಿಯಾರ ಯುಟಿಸಿ ಎಂಬ, ಜಗತ್ತಿಗೆಲ್ಲ ಒಂದೇ ಆದ ಸಮಯದ ಲೆಕ್ಕದಲ್ಲಿ ಓಡುತ್ತದಂತೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಪರದೆ ಮೇಲೆ ತೋರಿಸುವಾಗ ಐದೂವರೆ ಕೂಡಿಸಿದ್ದರು, ಇಮೇಲ್ ಕಳಿಸುವಾಗ ಮರೆತಿದ್ದರು.

ಐದೇ ಜನ ಸಾಕಾ ಎಂಬ ಅನುಮಾನ ನನಗಿತ್ತು. ಹುಡುಗರು ಜೇಕಬ್ ನೀಲ್ಸನ್ ಹೆಸರು ಹೇಳಿದರು, ಸೈಟು ಬಳಸಲು ಸುಲಭವಾ ಎಂದು ಪರೀಕ್ಷಿಸುವುದರಲ್ಲಿ ಹೆಸರಾದವರು. ನೀಲ್ಸನ್ ಅವರ 2000ದ ಬರಹದ ಲೆಕ್ಕ ಹೀಗೆ: ಒಬ್ಬ ಬಳಕೆದಾರನಿಂದ ಸರಾಸರಿ ನೂರಕ್ಕೆ 31 ದೋಷ ಹೊರಬೀಳುತ್ತವೆ, ಐದು ಜನರಾದರೆ 85ರಷ್ಟು. ಆಮೇಲೆ ಬರುವವರು ಹೆಚ್ಚಾಗಿ ಹಿಂದಿನವರು ಎಡವಿದ ಕಲ್ಲಿಗೇ ಎಡವುತ್ತಾರೆ. ಲೆಕ್ಕ ಸರಿ. ಆದರೆ ಬೇರೆ ಬೇರೆ ತರಹದ ಬಳಕೆದಾರರಿದ್ದರೆ ಪ್ರತಿ ಗುಂಪಿನಿಂದಲೂ ಜನ ಬೇಕು ಎಂದು ಅದೇ ಬರಹ ಹೇಳುತ್ತದೆ. ನಮ್ಮ ಐವರಲ್ಲಿ ಇಬ್ಬರು ಇವರದ್ದೇ ಕ್ಲಾಸಿನವರು. ಅವರು ಸರ ಸರ ಬುಕ್ ಮಾಡಿ ಚಹಾ ಕುಡಿದು ಹೋದರು. ನನ್ನ ಲೆಕ್ಕದಲ್ಲಿ ಪರೀಕ್ಷೆಗೆ ಕೂತದ್ದು ಮೂರೇ ಜನ.

ದೊಡ್ಡ ತಪ್ಪು ಸಿಕ್ಕಿದ್ದು ಆಟದಲ್ಲಿ. ನಾನೂ ವೆಲ್ಡಿಂಗಿನವರೂ ಪಕ್ಕ ಪಕ್ಕ ಕೂತು, ಒಂದು ಎರಡು ಮೂರು ಎಂದು ಎಣಿಸಿ, ಒಂದೇ ಸಮಯಕ್ಕೆ ಒಂದೇ ಲೇತ್ ಒತ್ತಿದೆವು. ಇಬ್ಬರಿಗೂ "ಬುಕ್ ಆಗಿದೆ" ಎಂದು ಹಸಿರು ಟಿಕ್ ಬಂತು. ಸೈಟು ಮೊದಲು ಖಾಲಿ ಇದೆಯಾ ನೋಡಿ, ಆಮೇಲೆ ಹೆಸರು ಬರೆಯುತ್ತಿತ್ತು. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇರುವ ಚೂರು ಸಂದಿಯಲ್ಲಿ ಇಬ್ಬರೂ ನುಗ್ಗಿದ್ದೆವು. ಒಂದು ಮೆಷಿನ್, ಒಂದು ಸಮಯ, ಒಂದೇ ಹೆಸರು ಎಂಬ ನಿಯಮವನ್ನು ಡೇಟಾಬೇಸಿನಲ್ಲೇ ಹಾಕಿ ಈಗ ಸರಿಮಾಡಿದ್ದಾರೆ. ರಿಜಿಸ್ಟರಿನಲ್ಲಿ ಈ ಕಾಯಿಲೆ ಎಂದೂ ಬಂದಿಲ್ಲ. ಯಾಕೆ ಗೊತ್ತಾ? ಪೆನ್ನು ಇರುವುದು ಒಂದೇ, ಅದಕ್ಕೂ ದಾರ ಕಟ್ಟಿದೆ.

ಕೊನೆಗೆ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟರು. ಒಂದು ವ್ಯವಸ್ಥೆ ಬಳಸಲು ಎಷ್ಟು ಸುಲಭ ಎಂದು ನೋಡಲು ಜಾನ್ ಬ್ರೂಕ್ ಎಂಬುವವರು 1986ರಲ್ಲಿ ಮಾಡಿದ ಅಳತೆ, ಎಸ್‌ಯುಎಸ್ ಎನ್ನುತ್ತಾರೆ. ಒಂದು ಹೊಗಳುವ ಮಾತು, ಒಂದು ತೆಗಳುವ ಮಾತು, ಒಪ್ಪುತ್ತೀರಾ ಇಲ್ಲವಾ ಎಂದು ಒಂದರಿಂದ ಐದರೊಳಗೆ ಗುರುತು ಹಾಕಬೇಕು. ಅಂಕ 100ಕ್ಕೆ, ಆದರೆ ಶೇಕಡಾ ಅಲ್ಲ. ಸಾಧಾರಣ ಸರಾಸರಿ 68 ಎನ್ನುತ್ತಾರೆ. ನಾನು ಸೈಟಿಗೆ ಕೊಟ್ಟದ್ದು ಕೂಡಿದಾಗ 55 ಆಯಿತು. ಕುಶಾಲಿಗೆ ಅದೇ ಹಾಳೆಯನ್ನು ರಿಜಿಸ್ಟರಿಗೂ ತುಂಬಿದೆ. "ವ್ಯವಸ್ಥೆಯ ಬೇರೆ ಬೇರೆ ಭಾಗಗಳು ಚೆನ್ನಾಗಿ ಜೋಡಿಕೊಂಡಿವೆ" ಎಂಬಲ್ಲಿ ದಾರ ನೆನಪಾಗಿ ಪೂರ್ತಿ ಐದು ಕೊಟ್ಟೆ. ಅದಕ್ಕೆ 82.5 ಬಂತು. ಹುಡುಗರ ಮುಖ ಸಣ್ಣಗಾಯಿತು.

ಆದರೆ ರಿಜಿಸ್ಟರಿಗೆ ಅಷ್ಟು ಅಂಕ ಕೊಟ್ಟವ ಆಗ ರಿಜಿಸ್ಟರಿನ ಮುಂದೆಯೇ ನಿಂತಿದ್ದ. ಊರಲ್ಲಿ ಕೂತವನಿಗೆ ಅದರಿಂದ ಏನು ಉಪಯೋಗ? ಮುಂದಿನ ವಾರ ಮಳೆ ಹೊಯ್ಯುವಾಗ ಮನೆ ಜಗುಲಿಯಿಂದ ಸೈಟ್ ತೆರೆದೆ. ಪ್ಲೇನರ್ ಶುಕ್ರವಾರ ಖಾಲಿ ಎಂದು ಅಲ್ಲೇ ಕಂಡಿತು. ರಿಕ್ಷಾ ಬಾಡಿಗೆ ಉಳಿಯಿತು. ಒಂದೇ ಕಿರಿಕಿರಿ, ಒಟಿಪಿ. ನಮ್ಮ ಮನೆಯಲ್ಲಿ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ವಾಟ್ಸಾಪ್ ಬರುತ್ತದೆ, ಎಸ್ಸೆಮ್ಮೆಸ್ ಬರುವುದಿಲ್ಲ. ಒಟಿಪಿಗಾಗಿ ಕೊಡೆ ಹಿಡಿದು ತೋಟದ ಮೇಲಿನ ದರೆ ಹತ್ತಬೇಕು. ಹತ್ತಿ ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಈ ದೋಷ ವರ್ಕ್‌ಶಾಪಿನ ಮೇಜಿನ ಮೇಲೆ ಎಷ್ಟು ಜನರನ್ನು ಕೂರಿಸಿದರೂ ಸಿಗುತ್ತಿರಲಿಲ್ಲ. ಈಗ ಇಮೇಲಿಗೂ ಒಟಿಪಿ ಕಳಿಸುತ್ತಾರೆ.

ರಿಜಿಸ್ಟರಿನ ಬೆಲೆ ಗೊತ್ತಾದದ್ದು ಅದೇ ಶುಕ್ರವಾರ. ಸೈಟಿನಲ್ಲಿ ಖಾಲಿ ಕಂಡಿತು, ಹೋದೆ, ಹಲಗೆ ತಳ್ಳಿದೆ. ಹೊರಬಂದ ಹಲಗೆಯ ಎಡಗಡೆ ಉದ್ದಕ್ಕೂ ಎದ್ದು ನಿಂತ ಸಣ್ಣ ಗೆರೆ, ಬೆರಳಾಡಿಸಿದರೆ ತಾಗುವಂಥದ್ದು. ಆಮೇಲೆ ಗೋಡೆಯ ರಿಜಿಸ್ಟರ್ ನೋಡಿದೆ. ಹಿಂದಿನ ದಿನದ ಸಾಲಿನ ಪಕ್ಕದಲ್ಲಿ ಯಾರೋ ಓರೆಯಾಗಿ ಗೀಚಿದ್ದರು: "ಹಳೇ ಪಕಾಸಿಯ ಮೊಳೆ ತಾಗಿ ಬ್ಲೇಡ್ ಚಕ್ಕೆ ಎದ್ದಿದೆ. ಬಲಗಡೆ ಹಾಕಿ." ಮೆಷಿನ್ ಖಾಲಿ ಇದೆ ಎಂದು ಸೈಟಿಗೆ ಗೊತ್ತಿತ್ತು, ಹುಷಾರಿಲ್ಲ ಎಂದು ಗೊತ್ತಿರಲಿಲ್ಲ. ರಿಜಿಸ್ಟರಿನಲ್ಲೂ ಅದಕ್ಕೊಂದು ಕಾಲಂ ಇಲ್ಲ. ಆದರೆ ಅಂಚಿನಲ್ಲಿ ಜಾಗ ಇದೆ, ಜನ ಬರೆಯುತ್ತಾರೆ. ಹುಡುಗರಿಗೆ ಆ ಹಲಗೆಯನ್ನೇ ಒಯ್ದು ತೋರಿಸಿದೆ.

ಕರೆಂಟ್ ಹೋದಾಗಲೂ ಹಾಗೇ. ನನ್ನ ಒಂದು ತಾಸಿನಲ್ಲಿ ನಲವತ್ತು ನಿಮಿಷ ಕರೆಂಟಿಲ್ಲದಿದ್ದರೂ ಸೈಟು 10ಕ್ಕೆ ಸರಿಯಾಗಿ "ನಿಮ್ಮ ಸಮಯ ಮುಗಿಯಿತು" ಎನ್ನುತ್ತದೆ. ರಿಜಿಸ್ಟರ್ ಇದ್ದ ಕಾಲದಲ್ಲಿ ಮುಂದಿನವರು "ಆಯ್ತು, ಮುಗಿಸ್ಕೊಳ್ಳಿ" ಎಂದು ಬೀಡಿ ಹಚ್ಚಿ ಕೂರುತ್ತಿದ್ದರು. ತ್ರೀಡಿ ಪ್ರಿಂಟರಿನವರ ಪಾಡು ಬೇರೆ: ಏಳು ತಾಸಿನ ಪ್ರಿಂಟಿಗೆ ಏಳು ಸಲ ಬುಕ್ ಮಾಡಬೇಕಿತ್ತು.

ಈಗ ಎರಡನ್ನೂ ಇಟ್ಟುಕೊಂಡಿದ್ದೇವೆ. ಸಮಯ ಹಿಡಿಯುವುದು ಸೈಟಿನಲ್ಲಿ ಮಾತ್ರ. ರಿಜಿಸ್ಟರಿನಲ್ಲಿ ಮೆಷಿನ್ನಿನ ಆರೋಗ್ಯ ಮಾತ್ರ. ಸಂಜೆ ಬಾಗಿಲು ಹಾಕುವವರು ಆ ಪುಟದ ಫೋಟೊ ತೆಗೆದು ಸೈಟಿಗೆ ಏರಿಸುತ್ತಾರೆ. ಹುಡುಗರು ಅದಕ್ಕೊಂದು ಜಾಗ ಮಾಡಿಕೊಟ್ಟಿದ್ದಾರೆ. ಟೈಪ್ ಮಾಡುವ ಪೆಟ್ಟಿಗೆಯನ್ನೂ ಕೊಟ್ಟಿದ್ದರು, ಮರದ ಹೊಟ್ಟು ಮೆತ್ತಿದ ಕೈಯಲ್ಲಿ ಯಾರೂ ಟೈಪ್ ಮಾಡಲಿಲ್ಲ. ಎರಡನೇ ಸಲದ ಹಾಳೆಯಲ್ಲಿ ಸೈಟಿಗೆ ನನ್ನಿಂದ 77.5 ಬಂತು. ಬುಕ್ ಮಾಡಿದ್ದನ್ನು ಬಿಟ್ಟುಕೊಡುವ ಬಟನ್ನು ಇನ್ನೂ ಮೂರು ಪುಟ ಆಳದಲ್ಲಿದೆ. ಹಾಗಾಗಿ ಬರಲು ಆಗದವರು ಬಿಟ್ಟುಕೊಡುವುದಿಲ್ಲ, ಸುಮ್ನೆ ಬರುವುದಿಲ್ಲ. ಅದನ್ನು ಮೊದಲ ಪುಟಕ್ಕೆ ತರುವವರೆಗೂ ನಾನು 80 ದಾಟಿಸುವುದಿಲ್ಲ ಎಂದು ಹೇಳಿದ್ದೇನೆ.

ಈ ಗುರುವಾರ 9ಕ್ಕೆ ಪ್ಲೇನರ್ ನನ್ನದು. ಇಮೇಲಿನಲ್ಲೂ 9 ಅಂತಲೇ ಇದೆ.